‘ಮೆಂಬರ್ ಸಾಹೇಬರು’ ಯಾವ ಪಕ್ಷ? ಶಾಲೆಯ ಕಲ್ಲಿನ ಮೇಲೆ ಒಂದು ಹೆಸರು ಕೆತ್ತುವ ಮುನ್ನ

ಇಂದಿನ ಬಾಗಲಕೋಟೆ ಜಿಲ್ಲೆಯ ಒಂದು ಊರಿನ ಪ್ರಾಥಮಿಕ ಶಾಲೆಗೆ ಕೆಲ ವರ್ಷಗಳ ಹಿಂದೆ ನೂರು ತುಂಬಿತು. ಹಳೆಯ ವಿದ್ಯಾರ್ಥಿಗಳು ಸೇರಿ ಶತಮಾನೋತ್ಸವ ಸಮಿತಿ ಮಾಡಿಕೊಂಡರು. ಕಟ್ಟಡಕ್ಕೆ ಸುಣ್ಣಬಣ್ಣ, ಒಂದು ಸ್ಮರಣ ಸಂಚಿಕೆ, ಬಾಗಿಲ ಪಕ್ಕದ ಗೋಡೆಗೆ ಇಳಕಲ್ಲಿನ ಕೆಂಪು ಗ್ರಾನೈಟಿನ ಒಂದು ಫಲಕ, ಇಷ್ಟು ಯೋಜನೆ. ಫಲಕದಲ್ಲಿ ಊರಿಗೂ ಶಾಲೆಗೂ ದುಡಿದ ಆರು ಮಂದಿಯ ಹೆಸರು, ಪ್ರತಿ ಹೆಸರಿನ ಕೆಳಗೆ ಎರಡು ಸಾಲು ಪರಿಚಯ. ಐದು ಹೆಸರಿಗೆ ಯಾರೂ ಉಸಿರೆತ್ತಲಿಲ್ಲ. ಆರನೆಯದು ಸ್ವಾತಂತ್ರ್ಯದ ಆಸುಪಾಸಿನ ರಾಜಕಾರಣಿಯೊಬ್ಬರದು. ಊರೆಲ್ಲ ಅವರನ್ನು ಇಂದಿಗೂ ‘ಮೆಂಬರ್ ಸಾಹೇಬ್ರು’ ಎಂದೇ ನೆನೆಯುತ್ತದೆ. ಮೊಮ್ಮಗ ಬರೆದುಕೊಟ್ಟ ಪರಿಚಯದ ಪ್ರಕಾರ ಅವರು ಊರಿನ ಮೊದಲ ಶಾಸಕರು, 1952ರಲ್ಲಿ ಕಾಂಗ್ರೆಸ್ ಪಕ್ಷದಿಂದ ಕರ್ನಾಟಕ ವಿಧಾನಸಭೆಗೆ ಆರಿಸಿಬಂದವರು.

ಎದುರು ಓಣಿಯವರು ಒಪ್ಪಲಿಲ್ಲ. ಸಾಹೇಬರು ಕಾಂಗ್ರೆಸ್ಸಿನವರೇ ಅಲ್ಲ, ಹತ್ತು ವರ್ಷದಲ್ಲಿ ಐದು ಪಕ್ಷ ತಿರುಗಿದ ಪಕ್ಷಾಂತರಿ, ಮಕ್ಕಳು ದಿನಾ ಓದುವ ಗೋಡೆಯ ಮೇಲೆ ಅಂಥ ಹೆಸರು ಬೇಡ ಎಂಬುದು ಅವರ ವಾದ.

ಎರಡು ಕಡೆಯವರ ಮಾತೂ ತಪ್ಪಾಗಿತ್ತು. ಅದು ಗೊತ್ತಾಗಲು ಏಳು ವಾರ ಹಿಡಿಯಿತು. ಊರ ಇತಿಹಾಸ, ಸ್ಮರಣ ಸಂಚಿಕೆ, ಮನೆತನದ ಚರಿತ್ರೆ ಬರೆಯುವವರು ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯಲ್ಲಿ ಈಗ ಬಹಳ ಮಂದಿ. ಅವರೆಲ್ಲ ಎಡವುವ ಕಲ್ಲುಗಳು ಈ ಒಂದೇ ಪ್ರಕರಣದಲ್ಲಿ ಸಿಗುತ್ತವೆ, ಹಾಗಾಗಿ ಇದನ್ನು ವಿವರವಾಗಿ ಬರೆದಿಡಬೇಕು. ಊರು, ಮನೆತನ, ಕ್ಷೇತ್ರ, ಸಂಸ್ಥಾನ ಯಾವುದರ ಗುರುತೂ ಇಲ್ಲಿ ಕೊಟ್ಟಿಲ್ಲ.

ಆ ಹತ್ತು ವರ್ಷ ಈ ನೆಲ

ಈ ಪ್ರಕರಣದ ತೊಡಕೆಲ್ಲ ಒಂದು ಸಂಗತಿಯಿಂದ ಹುಟ್ಟುತ್ತದೆ. 1946ರಿಂದ 1957ರ ನಡುವೆ ಈ ಊರು ಇದ್ದಲ್ಲೇ ಇತ್ತು, ಸರಕಾರಗಳು ಅದರ ಮೇಲಿಂದ ಹಾದುಹೋದವು. 1948ರ ಮಾರ್ಚ್ 8ರವರೆಗೆ ಇದು ಒಂದು ಸಂಸ್ಥಾನದ ಊರು. ಜಮಖಂಡಿ, ಮುಧೋಳ, ರಾಮದುರ್ಗದಂಥ ದಖ್ಖನದ ಸಂಸ್ಥಾನಗಳು ಅಂದು ಮುಂಬಯಿ ಪ್ರಾಂತಕ್ಕೆ ಸೇರಿದವು. ಅಲ್ಲಿಂದ 1956ರ ಅಕ್ಟೋಬರ್ 31ರವರೆಗೆ ಊರು ಮುಂಬಯಿ ಆಡಳಿತದ ವಿಜಾಪುರ ಜಿಲ್ಲೆಯಲ್ಲಿತ್ತು. ಮರುದಿನದಿಂದ ಮೈಸೂರು ರಾಜ್ಯ. ‘ಕರ್ನಾಟಕ’ ಎಂಬ ಹೆಸರು ರಾಜ್ಯಕ್ಕೆ ಬಂದದ್ದು 1973ರ ನವೆಂಬರ್ 1ಕ್ಕೆ, ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಹೀಗಾಗಿ 1952ರಲ್ಲಿ ಈ ಊರಿನವರು ಯಾರೂ ಕರ್ನಾಟಕ ವಿಧಾನಸಭೆಗೆ ಆರಿಸಿಹೋಗುವ ಮಾತೇ ಇರಲಿಲ್ಲ. ಸಾವಳಗಿಯ ಬಿ.ಡಿ. ಜತ್ತಿಯವರೂ ಹುನಗುಂದದ ಎಸ್.ಆರ್. ಕಂಠಿಯವರೂ ಆ ಚುನಾವಣೆಯಲ್ಲಿ ಗೆದ್ದು ಹೋದದ್ದು ಮುಂಬಯಿಯ ಸದನಕ್ಕೆ. ಜತ್ತಿಯವರು ಮೊರಾರ್ಜಿ ದೇಸಾಯಿ ಸರಕಾರದಲ್ಲಿ ಉಪಮಂತ್ರಿಯಾದರು, ಕಂಠಿಯವರು ಆ ಸದನದ ಉಪಸಭಾಧ್ಯಕ್ಷರಾದರು (ಡೆಪ್ಯುಟಿ ಸ್ಪೀಕರ್). ಇಬ್ಬರೂ ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರೆಂಬ ಕಾರಣಕ್ಕೆ ಮೊದಲಿನಿಂದಲೂ ಬೆಂಗಳೂರಿನಲ್ಲೇ ಇದ್ದರೇನೋ ಎಂಬಂತೆ ಜನ ಮಾತಾಡುತ್ತಾರೆ.

ಪಕ್ಷಗಳೂ ಹಾಗೆಯೇ ನೆಲೆ ಬದಲಿಸುತ್ತಿದ್ದವು. ಆ ಬಗ್ಗೆ ಮುಂದೆ ನೋಡೋಣ.

ಮೊದಲ ಮೂರು ಪ್ರಯತ್ನ

ಸಮಿತಿ ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ: ಹಿರಿಯರನ್ನು ಕೇಳುವುದು. ಎಂಬತ್ತು ದಾಟಿದ ಒಂಬತ್ತು ಮಂದಿಯನ್ನು ಹನುಮಪ್ಪನ ಗುಡಿಯ ಕಟ್ಟೆಗೆ ಕರೆದು ಕೂಡಿಸಿದರು. ಇದೇ ದೊಡ್ಡ ತಪ್ಪಾಯಿತು. ಎಲ್ಲರನ್ನೂ ಒಟ್ಟಿಗೆ ಕೂಡಿಸಿದರೆ ಮೊದಲು ಮಾತಾಡಿದವನ ನೆನಪೇ ಉಳಿದವರ ನೆನಪಾಗುತ್ತದೆ. ಒಬ್ಬರು ‘ಜೋಡೆತ್ತು’ (ಆಗಿನ ಕಾಂಗ್ರೆಸ್ಸಿನ ಚುನಾವಣಾ ಗುರುತು) ಎಂದರು, ಮೂವರು ಹೌದೆಂದರು. ಇನ್ನೊಬ್ಬರು ‘ಗುಡಸಲಾ’ (ಗುಡಿಸಲು, ಕಾಂಗ್ರೆಸ್ಸಿನ ಎದುರು ನಿಂತ ಪಕ್ಷವೊಂದರ ಗುರುತು) ಎಂದರು, ಮೂರರಲ್ಲಿ ಇಬ್ಬರು ಈ ಕಡೆಗೆ ಹೊರಳಿದರು. ಸಂಜೆಯ ಹೊತ್ತಿಗೆ ಕಟ್ಟೆಯ ಮೇಲೆ ಎರಡು ಪಾರ್ಟಿ ಆಗಿದ್ದವು, ದಾಖಲೆಗೆ ಒಂದು ಸಾಲೂ ಸಿಗಲಿಲ್ಲ.

ಎರಡನೆಯದಾಗಿ ಮನೆಯವರನ್ನು ಕಾಗದಪತ್ರ ಕೇಳಿದರು. ಮೊಮ್ಮಗ ತಂದುಕೊಟ್ಟದ್ದು ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಗೆ ಹಾಕಿದ ಅರ್ಜಿಯ ಕಾರ್ಬನ್ ಪ್ರತಿ. ಕೇಂದ್ರ ಸರಕಾರ ಆ ಯೋಜನೆ ತಂದದ್ದು 1972ರ ಆಗಸ್ಟಿನಲ್ಲಿ, ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ. ಅದರಲ್ಲಿ ಅವರು ತಾವು ಮೊದಲಿನಿಂದಲೂ ಕಾಂಗ್ರೆಸ್ ಕಾರ್ಯಕರ್ತ ಎಂದು ಬರೆದುಕೊಂಡಿದ್ದರು. ಮನೆಯವರಿಗೆ ಅಲ್ಲಿಗೆ ಮಾತು ಮುಗಿಯಿತು. ಆದರೆ ಈ ಥರದ ಕಾಗದವನ್ನು ಬರೆದವನ ಕಣ್ಣಿನಿಂದಲೇ ಓದಬೇಕು. ಅರ್ಜಿ ಕೇಳುತ್ತಿದ್ದದ್ದು 1947ಕ್ಕಿಂತ ಹಿಂದಿನ ಸೆರೆವಾಸದ ವಿವರ. 1951ರ ನಂತರ ಏನಾಯಿತೆಂದು ಅದರಲ್ಲಿ ಬರೆಯುವ ಅಗತ್ಯವೂ ಇರಲಿಲ್ಲ, ಬರೆಯಲು ಜಾಗವೂ ಇರಲಿಲ್ಲ. ಮೇಲಾಗಿ 1969ರಲ್ಲಿ ಕಾಂಗ್ರೆಸ್ ಎರಡಾಗಿ, ಅದರ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪನವರು ಒಂದು ಕಡೆ, ಪ್ರಧಾನಿ ಇಂದಿರಾ ಗಾಂಧಿ ಇನ್ನೊಂದು ಕಡೆ ಆಗಿದ್ದರು. 1972ರಲ್ಲಿ ‘ಕಾಂಗ್ರೆಸ್’ ಎಂದು ಬರೆದದ್ದನ್ನು 1952ರ ಕಾಂಗ್ರೆಸ್ಸಿಗೆ ಸಾಕ್ಷಿ ಎನ್ನಲಾಗದು. ಆ ಅರ್ಜಿ ಸುಳ್ಳಲ್ಲ. ನಾವು ಕೇಳುತ್ತಿರುವ ಪ್ರಶ್ನೆಗೆ ಅದು ಉತ್ತರವೇ ಅಲ್ಲ.

ಮೂರನೆಯ ಪ್ರಯತ್ನ ಹುಡುಗರದು. ಚುನಾವಣಾ ಆಯೋಗದ ಹಳೆಯ ಅಂಕಿಅಂಶ ವರದಿಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಒಬ್ಬ ಎಂಜಿನಿಯರ್ ಹುಡುಗ ರಾತ್ರಿಯೆಲ್ಲ ಕೂತು ಮೈಸೂರು ವಿಧಾನಸಭೆಯ ಮೊದಲ ಚುನಾವಣೆಯ ವರದಿ ಇಳಿಸಿಕೊಂಡು 99 ಸ್ಥಾನಗಳ ಅಭ್ಯರ್ಥಿಗಳ ಹೆಸರನ್ನೂ ನೋಡಿದ. ಮೆಂಬರ್ ಸಾಹೇಬರ ಹೆಸರು ಇರಲಿಲ್ಲ. ಅವರು ಚುನಾವಣೆಗೆ ನಿಂತೇ ಇಲ್ಲ ಎಂದು ಮರುದಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿದ. ಎದುರು ಓಣಿಯವರಿಗೆ ಹಬ್ಬವಾಯಿತು. ಮೊಮ್ಮಗ ಕಲ್ಲಿಗೆ ಕೊಡುತ್ತೇನೆಂದಿದ್ದ ಹಣವನ್ನು ಹಿಂದೆಗೆದುಕೊಂಡ.

ಹುಡುಗ ಶ್ರದ್ಧೆಯಿಂದಲೇ ನೋಡಿದ್ದ, ಆದರೆ ನೋಡಿದ ಪುಸ್ತಕ ಬೇರೆಯದು. ಆ 99 ಸ್ಥಾನ ಹಳೆಯ ಮೈಸೂರಿನವು, ಅದರಲ್ಲಿ ವಿಜಾಪುರ ಜಿಲ್ಲೆಯ ಒಂದು ಹಳ್ಳಿಯೂ ಇಲ್ಲ. ಈ ತಪ್ಪು ಇಂದಿಗೂ ಎಷ್ಟೋ ಸ್ಮರಣ ಸಂಚಿಕೆಗಳಲ್ಲಿ ಕಾಣುತ್ತದೆ: ಇಂದಿನ ರಾಜ್ಯದ ಹೆಸರಿನಲ್ಲಿ ಹುಡುಕುತ್ತಾರೆ, ಸಿಗದಿದ್ದರೆ ಇಲ್ಲವೆನ್ನುತ್ತಾರೆ.

ದಾರಿ ತಿರುಗಿದ್ದು

ತಾಲೂಕಿನ ಕಾಲೇಜೊಂದರ ನಿವೃತ್ತ ಇತಿಹಾಸ ಅಧ್ಯಾಪಕರೊಬ್ಬರನ್ನು ಸಮಿತಿ ಕರೆಸಿತು. ಅವರು ಯಾರ ಪರವೂ ಮಾತಾಡಲಿಲ್ಲ. ಗೋಡೆಗೆ ತೂಗುಹಾಕಿದ್ದ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದು, ಬೆನ್ನ ಮೇಲೆ ನಡುವೆ ಒಂದು ಗೆರೆ ಎಳೆದರು. ಎಡಕ್ಕೆ ‘ಸಾಹೇಬರು ಮಾಡಿದ್ದು’, ಬಲಕ್ಕೆ ‘ಸಾಹೇಬರಿಗೆ ಆದದ್ದು’ ಎಂದು ಬರೆದರು. ಮೇಲಿನಿಂದ ಕೆಳಕ್ಕೆ 1946ರಿಂದ 1957ರವರೆಗೆ ಇಸವಿ. ಇನ್ನು ಮೇಲೆ ಯಾರೇ ಏನೇ ಹೇಳಿದರೂ ಇಸವಿಯ ಮುಂದೆ ಬರೆಯಬೇಕು, ಎಡಕ್ಕೆ ಬರೆಯುವುದೋ ಬಲಕ್ಕೆ ಬರೆಯುವುದೋ ಎಂದು ಮೊದಲು ತೀರ್ಮಾನಿಸಬೇಕು. ಇಡೀ ಪ್ರಕರಣದಲ್ಲಿ ಅತಿ ಉಪಯುಕ್ತವಾದ ಸಾಧನ ಈ ಒಂದು ಹಾಳೆ.

ಐದು ಪಕ್ಷದ ಆರೋಪವನ್ನು ಮೊದಲು ಅದರ ಮೇಲಿಟ್ಟು ನೋಡಿದರು. ಎದುರು ಓಣಿಯವರು ಎಣಿಸಿದ್ದು ಹೀಗೆ: ಪ್ರಜಾ ಪರಿಷತ್ತು, ಕಾಂಗ್ರೆಸ್, ಕಿಸಾನ್ ಮಜ್ದೂರ್ ಪ್ರಜಾ ಪಕ್ಷ, ಪ್ರಜಾ ಸಮಾಜವಾದಿ ಪಕ್ಷ, ಮತ್ತೆ ಕಾಂಗ್ರೆಸ್. ಪಟ್ಟಿಯಲ್ಲಿ ಸುಳ್ಳಿಲ್ಲ. ಐದೂ ಹೆಸರು ಅವರಿಗೆ ಅಂಟಿದ್ದವೇ.

ಸಂಸ್ಥಾನದ ಕಾಲದಲ್ಲಿ ಅವರು ಪ್ರಜಾ ಪರಿಷತ್ತಿನಲ್ಲಿದ್ದರು, ಏಕೆಂದರೆ ಸಂಸ್ಥಾನಗಳ ಒಳಗಿನ ಹೋರಾಟ ಕಾಂಗ್ರೆಸ್ಸಿನ ಹೆಸರಿನಲ್ಲಿ ನಡೆಯುತ್ತಿರಲಿಲ್ಲ. 1938ರ ಹರಿಪುರ ಅಧಿವೇಶನದಲ್ಲೇ ಆ ಧೋರಣೆ ಗೊತ್ತಾಗಿತ್ತು: ಸಂಸ್ಥಾನದ ಪ್ರಜೆಗಳ ಚಳವಳಿ ಅವರದೇ ಸಂಘಟನೆಯ ಹೆಸರಿನಲ್ಲಿ ನಡೆಯಲಿ. ಹಾಗಾಗಿ ಮುಧೋಳದಲ್ಲೋ ಜಮಖಂಡಿಯಲ್ಲೋ ಗಾಂಧಿ ಟೋಪಿ ಹಾಕಿದವನ ರಸೀದಿಯ ಮೇಲೆ ‘ಪ್ರಜಾ ಪರಿಷತ್’ ಎಂದಿರುತ್ತಿತ್ತು, ಸಂಸ್ಥಾನದ ಗಡಿಯಾಚೆ ಬಾಗಲಕೋಟೆಯಲ್ಲಿ ಅದೇ ಟೋಪಿಯವನ ರಸೀದಿಯ ಮೇಲೆ ‘ಕಾಂಗ್ರೆಸ್’ ಎಂದು. ಸಂಸ್ಥಾನಗಳು ವಿಲೀನವಾದ 1948ರಲ್ಲೇ ದೇಶದ ಪ್ರಜಾ ಪರಿಷತ್ತುಗಳೂ ಕಾಂಗ್ರೆಸ್ಸಿನಲ್ಲಿ ಸೇರಿಹೋದವು. ಇದು ಬಲಗಡೆಯ ಸಾಲು. ಅವರು ಏನೂ ಮಾಡಲಿಲ್ಲ, ಅವರಿದ್ದ ಮನೆಗೆ ಹೊಸ ಹೆಸರು ಬಂತು.

1951 ಎಡಗಡೆಯ ಸಾಲು, ಗಟ್ಟಿ ಅಕ್ಷರದಲ್ಲಿ. ಹಿಂದಿನ ವರ್ಷ ಕಾಂಗ್ರೆಸ್ ಅಧ್ಯಕ್ಷ ಚುನಾವಣೆಯಲ್ಲಿ ಪುರುಷೋತ್ತಮದಾಸ ಟಂಡನ್ ಎದುರು ಸೋತಿದ್ದ ಆಚಾರ್ಯ ಕೃಪಲಾನಿ 1951ರ ಜೂನಿನಲ್ಲಿ ಪಾಟ್ನಾದಲ್ಲಿ ಕಿಸಾನ್ ಮಜ್ದೂರ್ ಪ್ರಜಾ ಪಕ್ಷ ಕಟ್ಟಿದರು. ಸ್ವಾತಂತ್ರ್ಯ ಬಂದಾಗ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರೇ ಹೊರಬಂದದ್ದು ಹಳ್ಳಿಯ ಕಾರ್ಯಕರ್ತನಿಗೆ ಸಣ್ಣ ಸಂಗತಿಯಾಗಿರಲಿಲ್ಲ. ಮೆಂಬರ್ ಸಾಹೇಬರು ಇಲ್ಲಿ ನಿಜವಾಗಿ ಹೊಸಿಲು ದಾಟಿದರು.

1952ರ ಸೆಪ್ಟೆಂಬರಿನಲ್ಲಿ ಕೃಪಲಾನಿಯವರ ಪಕ್ಷವೂ, 1948ರಲ್ಲಿ ಕಾಂಗ್ರೆಸ್ ಬಿಟ್ಟು ಬಂದಿದ್ದ ಜಯಪ್ರಕಾಶ ನಾರಾಯಣ, ಲೋಹಿಯಾ ಅವರ ಸೋಷಲಿಸ್ಟ್ ಪಕ್ಷವೂ ಕೂಡಿ ಪ್ರಜಾ ಸಮಾಜವಾದಿ ಪಕ್ಷವಾಯಿತು. ಮತ್ತೆ ಬಲಗಡೆ. 1955ರ ಕೊನೆಗೆ ಲೋಹಿಯಾ ಬೇರೆಯಾದಾಗ ಸಾಹೇಬರು ಅವರ ಹಿಂದೆ ಹೋಗಲಿಲ್ಲ. ಇದನ್ನು ಅಧ್ಯಾಪಕರು ಎಡಕ್ಕೇ ಬರೆಸಿದರು, ಉಳಿದುಕೊಂಡದ್ದೂ ಒಂದು ನಿರ್ಧಾರವೆಂದು. ಕೊನೆಯದು ಕಾಂಗ್ರೆಸ್ಸಿಗೆ ಮರಳಿದ್ದು. ಅದು ಎಡಗಡೆ, ಆದರೆ ಇಸವಿಯ ಮುಂದೆ ಪ್ರಶ್ನಾರ್ಥಕ ಚಿಹ್ನೆ.

ಹೆಸರು ಐದಾದರೂ ಮನೆ ಬದಲಿಸಿದ್ದು ಎರಡೇ ಸಲ. ಹಾಳೆ ಇಷ್ಟು ತೋರಿಸಿದ ಮೇಲೆ ಎದುರು ಓಣಿಯ ಹಿರಿಯರೊಬ್ಬರು, ಏಕೀಕರಣದ ಕಡೆಗೂ ಹೋಗಿದ್ದರಲ್ಲ, ಅದು ಆರನೆಯದು ಎಂದರು. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಕೂತಾಗಲೂ, ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಕಾಂಗ್ರೆಸ್ ಸಭೆಯ ಹೊರಗೆ ಜನ ಸಿಡಿದೆದ್ದಾಗಲೂ ಬೀದಿಗಿಳಿದವರಲ್ಲಿ ಎಲ್ಲ ಪಕ್ಷದವರೂ ಇದ್ದರು. ಕಾಂಗ್ರೆಸ್ಸಿನ ಒಳಗಿದ್ದೇ ಏಕೀಕರಣಕ್ಕೆ ಜಗ್ಗಿದವರು ಎಷ್ಟೋ ಮಂದಿ. ಚಳವಳಿಗೆ ಹೋದದ್ದನ್ನು ಪಕ್ಷ ಬದಲಿಸಿದ್ದೆಂದು ಎಣಿಸುವುದಾದರೆ ಆ ವರ್ಷ ಮುಂಬಯಿ ಕರ್ನಾಟಕದಲ್ಲಿ ಪಕ್ಷ ಬದಲಿಸದವರೇ ಇರಲಿಲ್ಲ ಎನ್ನಬೇಕಾಗುತ್ತದೆ.

‘ಪಕ್ಷಾಂತರಿ’ ಎಂಬ ಪದದ ಬಗ್ಗೆಯೂ ಒಂದು ಮಾತು. ಆ ಪದಕ್ಕೆ ಇಂದಿನ ಕಹಿ ಬಂದದ್ದು 1967ರ ನಂತರ, ಶಾಸಕರು ಗೆದ್ದ ಮೇಲೆ ದಿನಕ್ಕೊಂದು ಪಕ್ಷಕ್ಕೆ ಹಾರತೊಡಗಿದಾಗ. ಕಾಯ್ದೆ ಬಂದದ್ದು 1985ರಲ್ಲಿ. 1951ರಲ್ಲಿ ಕಾಂಗ್ರೆಸ್ ಬಿಡುವುದೆಂದರೆ ಅಧಿಕಾರದ ಬಾಗಿಲಿನಿಂದ ಹೊರಗೆ ಬರುವುದು. ಆ ನಡೆಗೂ ಅಧಿಕಾರಕ್ಕಾಗಿ ಒಳಗೆ ಹೋಗುವ ನಡೆಗೂ ಒಂದೇ ಪದ ಬಳಸಿದರೆ ಸತ್ತವರಿಗೆ ಅನ್ಯಾಯ ಮಾಡಿದಂತೆ. ಇದು ಈ ಲೇಖನದ ಸ್ಪಷ್ಟ ನಿಲುವು.

ಸರಿಯಾದ ವರದಿಯಲ್ಲಿ ಹೆಸರು

ನಂತರ ಹುಡುಗರು ಮುಂಬಯಿ ವಿಧಾನಸಭೆಯ ವರದಿ ತೆಗೆದರು. ಇಲ್ಲಿ ಗೊತ್ತಿರಬೇಕಾದ ನಾಲ್ಕು ಸಂಗತಿ ಇವೆ, ಒಂದೊಂದಕ್ಕೂ ಸಮಿತಿ ಒಂದೊಂದು ದಿನ ಕಳೆದಿದೆ.

ಮತದಾನ 1951ರ ಅಕ್ಟೋಬರಿನಿಂದ 1952ರ ಫೆಬ್ರುವರಿಯವರೆಗೆ ಹಂತಹಂತವಾಗಿ ನಡೆದದ್ದರಿಂದ ವರದಿಯ ಮೇಲೆ ‘1951’ ಎಂದಿರುತ್ತದೆ; 1952 ಎಂದು ಹುಡುಕಿದರೆ ಸಿಗದು. ಹೆಸರುಗಳು ಇಂಗ್ಲಿಷಿನಲ್ಲಿವೆ, ಬರೆದವರಿಗೆ ಕನ್ನಡದ ಹೆಸರು ಒಗ್ಗಿರಲಿಲ್ಲ: ‘ಗೌಡ’ ಮೂರು ಬಗೆಯಲ್ಲಿ, ‘ವ’ಕಾರ ಒಮ್ಮೆ ವಿ ಅಕ್ಷರದಲ್ಲಿ ಒಮ್ಮೆ ಡಬ್ಲ್ಯು ಅಕ್ಷರದಲ್ಲಿ, ಅಡ್ಡಹೆಸರು ಒಮ್ಮೆ ಮುಂದೆ ಒಮ್ಮೆ ಹಿಂದೆ. ಅವರ ಹೆಸರಿನಿಂದ ಹುಡುಕುವುದಕ್ಕಿಂತ ತಂದೆಯ ಹೆಸರಿನಿಂದ ಹುಡುಕುವುದು ಲೇಸು. ಮುಂಬಯಿ ಪದ್ಧತಿಯಲ್ಲಿ ತಂದೆಯ ಹೆಸರು ನಡುವೆ ಇದ್ದೇ ಇರುತ್ತದೆ. ಮೂರನೆಯದಾಗಿ ಕ್ಷೇತ್ರ. 1957ರ ಹೊತ್ತಿಗೆ ರಾಜ್ಯದ ಜೊತೆಗೆ ಕ್ಷೇತ್ರದ ಗಡಿಗಳೂ ಬದಲಾದವು, ಆದ್ದರಿಂದ ಊರು ಈಗ ಇರುವ ಕ್ಷೇತ್ರದ ಹೆಸರು ಹಿಡಿದು ಹಿಂದಕ್ಕೆ ಹೋಗಲಾಗದು. ಸುತ್ತಲಿನ ಎಲ್ಲ ಕ್ಷೇತ್ರಗಳ ಪಟ್ಟಿಯನ್ನೂ ಓದಬೇಕು. ಕೊನೆಯದಾಗಿ, ಆಗ ಕೆಲವು ಕ್ಷೇತ್ರಗಳಿಂದ ಇಬ್ಬರು ಆರಿಸಿಬರುತ್ತಿದ್ದರು. 1961ರ ಕಾಯ್ದೆಯಿಂದ ಆ ಪದ್ಧತಿ ನಿಂತಿತು. ಅಂಥ ಕಡೆ ಎರಡನೆಯ ಸ್ಥಾನ ಬಂದವರೂ ಗೆದ್ದವರೇ ಆಗಿರಬಹುದು.

ಹೆಸರು ಸಿಕ್ಕಿತು. ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ಅಭ್ಯರ್ಥಿ, ಒಬ್ಬರೇ ಆರಿಸಿಬರುವ ಕ್ಷೇತ್ರ, ಎರಡನೆಯ ಸ್ಥಾನ. ಅಂದರೆ ಸೋಲು. ಅಧ್ಯಾಪಕರಿಗೆ ಇದು ಆಶ್ಚರ್ಯವೆನಿಸಲಿಲ್ಲ. ಮುಂಬಯಿಯ 315 ಸ್ಥಾನಗಳಲ್ಲಿ ಕಾಂಗ್ರೆಸ್ 269 ಗೆದ್ದಿತ್ತು, ಕೃಪಲಾನಿಯವರ ಪಕ್ಷಕ್ಕೆ ಅಲ್ಲಿ ಒಂದೂ ಬರಲಿಲ್ಲ. ಹಳೆಯ ಮೈಸೂರಿನಲ್ಲಿ ಅದೇ ಪಕ್ಷ ಎಂಟು ಸ್ಥಾನ ಗೆದ್ದು ಗಟ್ಟಿ ವಿರೋಧಿಯಾಗಿ ನಿಂತಿತ್ತು. ಒಂದೇ ಪಕ್ಷ, ಒಂದೇ ಚುನಾವಣೆ, ತುಂಗಭದ್ರೆಯ ಆ ದಡಕ್ಕೆ ಒಂದು ಕಥೆ, ಈ ದಡಕ್ಕೆ ಇನ್ನೊಂದು. ಇಂಥ ಒಟ್ಟು ಲೆಕ್ಕವನ್ನು ಮೊದಲೇ ನೋಡಿಟ್ಟುಕೊಂಡಿದ್ದರೆ ‘1952ರಲ್ಲಿ ಗುಡಿಸಲ ಗುರುತಿನಿಂದ ಗೆದ್ದರು’ ಎಂಬ ಮಾತು ಕಟ್ಟೆಯ ಮೇಲೇ ನಿಂತುಹೋಗುತ್ತಿತ್ತು.

ಠೇವಣಿ ಕಳೆದುಕೊಂಡರು ಎಂಬ ಇನ್ನೊಂದು ಮಾತೂ ಊರಲ್ಲಿತ್ತು. ಅದನ್ನೂ ಅಲ್ಲೇ ಅಳೆದರು. ವಿಧಾನಸಭೆಗೆ ಠೇವಣಿ 250 ರೂಪಾಯಿ. ಒಬ್ಬರೇ ಆರಿಸಿಬರುವ ಕ್ಷೇತ್ರದಲ್ಲಿ ಸಿಂಧುವಾದ ಮತಗಳ ಆರನೆಯ ಒಂದು ಪಾಲು ದಾಟದಿದ್ದರೆ ಮುಟ್ಟುಗೋಲು. ಉದಾಹರಣೆಗೆ 24,000 ಮತ ಬಿದ್ದಿದ್ದರೆ 4,000 ದಾಟಬೇಕು. ಸಾಹೇಬರು ಸಲೀಸಾಗಿ ದಾಟಿದ್ದರು.

ಗುಡಿಸಲಿನ ಡಬ್ಬಿ

ಎರಡನೆಯ ಸಲ ಹಿರಿಯರನ್ನು ಕಂಡಾಗ ಪದ್ಧತಿ ಬದಲಾಗಿತ್ತು. ಒಬ್ಬೊಬ್ಬರನ್ನೇ ಅವರವರ ಮನೆಯಲ್ಲಿ ಕಂಡರು. ಪಕ್ಷ ಯಾವುದೆಂದು ಯಾರನ್ನೂ ಕೇಳಲಿಲ್ಲ. ಚೀಟಿ ಎಲ್ಲಿ ಹಾಕಿದಿರಿ, ಒಳಗೆ ಏನೇನು ಇತ್ತು, ಆಗ ಮನೆಯಲ್ಲಿ ಯಾರಿದ್ದರು ಎಂದಷ್ಟೇ ಕೇಳಿದರು.

ತೊಂಬತ್ತು ದಾಟಿದ ಒಬ್ಬ ಅಜ್ಜಿ ಮತದಾನ ನಡೆದ ಕೋಣೆಯನ್ನೇ ಕಣ್ಣಿಗೆ ಕಟ್ಟಿಕೊಟ್ಟಳು. ಇದೇ ಶಾಲೆಯ ಪಡುವಣ ಕೋಣೆ. ಬಾಗಿಲಿಗೆ ಅಡ್ಡ ಕಂಬಳಿ. ಒಳಗೆ ಮಕ್ಕಳು ಕೂಡುವ ಉದ್ದ ಮಣೆಯ ಮೇಲೆ ಸಾಲಾಗಿ ತಗಡಿನ ಡಬ್ಬಿಗಳು, ಒಂದೊಂದಕ್ಕೂ ಒಂದೊಂದು ಚಿತ್ರ ಅಂಟಿಸಿದ್ದರು. ‘ಜೋಡೆತ್ತಿಂದು ಮೊದಲ, ಗುಡಸಲಾ ಆಮ್ಯಾಲೆ. ಚೀಟಿ ಮ್ಯಾಲ ಏನೂ ಬರಿಯೂದಿರಲಿಲ್ಲ, ಡಬ್ಬ್ಯಾಗ ಹಾಕೂದ ಅಷ್ಟ’ ಎಂದಳು. ಇದು ಪಕ್ಕಾ ಸಾಕ್ಷಿ. 1952ರಲ್ಲೂ 1957ರಲ್ಲೂ ಪ್ರತಿ ಅಭ್ಯರ್ಥಿಗೆ ಬೇರೆ ಡಬ್ಬಿ, ಯಾವ ಡಬ್ಬಿಗೆ ಚೀಟಿ ಬಿತ್ತೋ ಆ ಮತ ಅವರಿಗೆ. ಚೀಟಿಯ ಮೇಲೆ ಮುದ್ರೆ ಒತ್ತುವ ಪದ್ಧತಿ ಈ ಕಡೆ ಬಂದದ್ದು 1962ರ ಚುನಾವಣೆಗೆ. ಡಬ್ಬಿ ನೆನಪಿದ್ದವರ ನೆನಪು 1962ಕ್ಕಿಂತ ಹಿಂದಿನದು.

ಇನ್ನು 1952ರದೋ 1957ರದೋ? ಗುಡಿಸಲು ಗುರುತಿನಿಂದ ಇದನ್ನು ಹೇಳಲಾಗದು, ಏಕೆಂದರೆ ಕೃಪಲಾನಿಯವರ ಪಕ್ಷದ ಗುಡಿಸಲನ್ನೇ ಮುಂದೆ ಪ್ರಜಾ ಸಮಾಜವಾದಿ ಪಕ್ಷ ಇಟ್ಟುಕೊಂಡಿತು. ಸೋಷಲಿಸ್ಟರ ಆಲದ ಮರವನ್ನು ಅದು ಇಟ್ಟುಕೊಳ್ಳಲಿಲ್ಲ. ಅಜ್ಜಿಯನ್ನು ಮಕ್ಕಳ ಲೆಕ್ಕದಲ್ಲಿ ಕೇಳಿದರು. ಹಿರಿಮಗ ಬಗಲಲ್ಲಿದ್ದ, ಎರಡನೆಯವ ಹುಟ್ಟಿರಲಿಲ್ಲ. ಎರಡನೆಯ ಮಗನ ಜನ್ಮದಿನಾಂಕ ಇದೇ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಸಿಕ್ಕಿತು, 1953. ಅಲ್ಲಿಗೆ ಗುಡಿಸಲಿನ ಡಬ್ಬಿ 1952ರದೆಂದು ಖಚಿತವಾಯಿತು. ಜೋಡೆತ್ತಿನ ಕಡೆ ಸಾಹೇಬರನ್ನು ಕಂಡೆ ಎಂದ ಹಿರಿಯರ ನೆನಪೂ ಸುಳ್ಳಲ್ಲ. ಅವರೆಲ್ಲ 1951ರಲ್ಲಿ ಇನ್ನೂ 21 ತುಂಬದವರು, ಮೊದಲ ಸಲ ಚೀಟಿ ಹಾಕಿದ್ದೇ 1957ರಲ್ಲಿ. ಮತದಾನದ ವಯಸ್ಸು 18ಕ್ಕೆ ಇಳಿದದ್ದು 1989ರಲ್ಲಿ ಎಂಬುದನ್ನು ಮರೆತರೆ ಈ ಲೆಕ್ಕ ಕೂಡುವುದೇ ಇಲ್ಲ.

ಇದಾದ ಮೇಲೆ ಮೊಮ್ಮಗನೂ ಮನೆಯ ಅಟ್ಟದ ಟ್ರಂಕು ಇಳಿಸಿದ. ಸೀರೆಯ ಕೆಳಗೆ ಹಾಸಿದ್ದ ಹಳದಿ ಕಾಗದವೊಂದು ಕರಪತ್ರವಾಗಿತ್ತು. ಮೇಲೆ ಗುಡಿಸಲಿನ ಚಿತ್ರ, ಕೆಳಗೆ ‘ಕಿ.ಮ.ಪ್ರ. ಪಕ್ಷ’, ಮುಂದಿನ ಸಾಲಿನಲ್ಲಿ ‘ಮುಂಬಯಿ ವಿಧಾನಸಭೆ’. ಮನೆಯವರು ಇದನ್ನು ಹಿಂದೆ ನೋಡಿದ್ದರಂತೆ, ಕಿ.ಮ.ಪ್ರ. ಎಂದರೆ ಏನೆಂದು ತಿಳಿಯದೆ, ಯಾವುದೋ ಸಹಕಾರಿ ಸಂಘದ ಕಾಗದವೆಂದು ಬಿಟ್ಟಿದ್ದರು. ಕರಪತ್ರಕ್ಕೆ ಇಸವಿ ಇಲ್ಲದಿದ್ದರೂ ಪಕ್ಷದ ಹೆಸರು, ಸದನದ ಹೆಸರು ಎರಡೂ ಕೂಡಿ ಒಂದೇ ಚುನಾವಣೆಗೆ ಹೊಂದುತ್ತವೆ.

ಹಾಗಾದರೆ ‘ಮೆಂಬರ್’ ಯಾತಕ್ಕೆ?

ಶಾಸಕರಲ್ಲ ಎಂದು ಗೊತ್ತಾದಾಗ ಮನೆಯವರಿಗೆ ಬಹಳ ನೋವಾಯಿತು. ಊರೇ ಮೆಂಬರ್ ಎನ್ನುತ್ತಿತ್ತಲ್ಲ ಎಂಬುದು ಅವರ ಪ್ರಶ್ನೆ. ಉತ್ತರ ಕರ್ನಾಟಕದ ಮಾತಿನಲ್ಲಿ ಪಂಚಾಯಿತಿಗೂ ಮೆಂಬರ, ಲೋಕಲ್ ಬೋರ್ಡಿಗೂ ಮೆಂಬರ, ಸದನಕ್ಕೂ ಮೆಂಬರ. ಅಧ್ಯಾಪಕರು ಶಾಲೆಯ ಕಪಾಟು ತೆಗೆಸಿದರು. ದಾಖಲಾತಿ ಪುಸ್ತಕ ನೋಡುವಾಗ ಅದರ ಕೆಳಗೇ ಇದ್ದರೂ ಯಾರೂ ಬಿಚ್ಚಿರದ ಒಂದು ಕಟ್ಟಿನಲ್ಲಿ ಶೇರಾ ಬುಕ್ ಇತ್ತು, ಶಾಲೆಗೆ ಬಂದ ಅಧಿಕಾರಿಗಳು ತಮ್ಮ ಅಭಿಪ್ರಾಯ ಬರೆಯುವ ಪುಸ್ತಕ. ಸಂಸ್ಥಾನದ ಕಾಲದ ಪುಟಗಳು ಹಳೆಯ ಮರಾಠಿ ಬರಹದ ಮೋಡಿ ಲಿಪಿಯಲ್ಲಿದ್ದವು, 1948ರ ನಂತರದವು ಕನ್ನಡದಲ್ಲಿ. 1954ರ ಎರಡು ಪುಟಗಳಲ್ಲಿ ಸಾಹೇಬರ ಸಹಿ ಇತ್ತು, ಸಹಿಯ ಕೆಳಗೆ ‘ಜಿಲ್ಲಾ ಸ್ಕೂಲ್ ಬೋರ್ಡ್ ಮೆಂಬರ’ ಎಂದು. 1947ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯ್ದೆಯ ಪ್ರಕಾರ ಪ್ರಾಥಮಿಕ ಶಾಲೆಗಳು ಜಿಲ್ಲಾ ಶಾಲಾ ಮಂಡಳಿಯ ಕೈಯಲ್ಲಿದ್ದವು. ಮೊದಲ ಪುಟದಲ್ಲಿ ಐದನೆಯ ಇಯತ್ತೆಯ ಮಕ್ಕಳು ಗುಡಿಯ ಪೌಳಿಯಲ್ಲಿ ಕೂಡುತ್ತಾರೆ, ಎರಡು ಕೋಣೆ ಬೇಕು ಎಂದು ಬರೆದಿದ್ದರು. ಎರಡನೆಯದರಲ್ಲಿ ಕೋಣೆಗಳ ಪಾಯ ಅಳೆದು ಎಷ್ಟು ಗಜವೆಂದು ನಮೂದಿಸಿದ್ದರು. ಆ ಎರಡು ಕೋಣೆ ಇಂದಿಗೂ ನಿಂತಿವೆ, ಸುಣ್ಣ ಬಳಿಯಲು ಏಣಿ ಹಚ್ಚಿದ್ದು ಅವುಗಳಿಗೇ.

ಏಳು ವಾರದಲ್ಲಿ ಐದು ವಾರ ಊರ ಹೊರಗೆ ಹುಡುಕಿದ್ದಾಗಿತ್ತು. ಶಾಲೆಗೆ ಸಂಬಂಧಿಸಿದ ಸಂಗತಿ ಶಾಲೆಯ ಕಪಾಟಿನಲ್ಲೇ ಇತ್ತು. ಇಂಥ ಕೆಲಸಕ್ಕೆ ಇಳಿಯುವವರು ಶೇರಾ ಬುಕ್, ದಾಖಲಾತಿ ಪುಸ್ತಕ, ಪಂಚಾಯಿತಿ ಠರಾವು ಪುಸ್ತಕಗಳನ್ನು ಮೊದಲ ದಿನವೇ ಬಿಚ್ಚಬೇಕು. ಆ ಮೇಲೆ ಧಾರವಾಡದ ಪತ್ರಾಗಾರ, ಹಳೆಯ ‘ಸಂಯುಕ್ತ ಕರ್ನಾಟಕ’ದ ಸಂಪುಟಗಳು. ಪತ್ರಿಕೆ ನೋಡುವಾಗ ಅದನ್ನು ಕಟ್ಟಿ ಬೆಳೆಸಿದವರು ರಂಗನಾಥ ದಿವಾಕರರಂಥ ಕಾಂಗ್ರೆಸ್ಸಿನ ಮುಂದಾಳುಗಳೆಂಬುದು ನೆನಪಿರಲಿ. ವಿರೋಧಿ ಅಭ್ಯರ್ಥಿಯ ಸಭೆಗೆ ಅಲ್ಲಿ ಎರಡೇ ಸಾಲು ಸಿಕ್ಕಿದರೆ ಸಭೆಗೆ ಜನ ಬಂದಿರಲಿಲ್ಲವೆಂದು ಅರ್ಥ ಮಾಡಬಾರದು.

ಕಲ್ಲಿನ ಮೇಲೆ ಬಂದದ್ದು

ಸಮಿತಿ ಎರಡು ತೀರ್ಮಾನ ಮಾಡಿತು. ಫಲಕದಲ್ಲಿ ಯಾರ ಪಕ್ಷವೂ ಬೇಡ, ಶಾಲೆಗೆ ಮಾಡಿದ ಕೆಲಸ, ಹುದ್ದೆ, ಇಸವಿ ಅಷ್ಟೇ ಇರಲಿ. ಪಕ್ಷದ ವಿವರ ಸ್ಮರಣ ಸಂಚಿಕೆಯಲ್ಲಿ, ಆ ಎರಡು ಅಂಕಣದ ಹಾಳೆಯ ರೂಪದಲ್ಲೇ ಬರಲಿ. ಎರಡನೆಯ ತೀರ್ಮಾನ ಕಠಿಣವಾಗಿತ್ತು: ಸಾಹೇಬರಿಗೆ ಹಚ್ಚಿದ ಒರೆಗಲ್ಲನ್ನು ಉಳಿದ ಐವರಿಗೂ ಹಚ್ಚಬೇಕು. ಹಚ್ಚಿದಾಗ ಇನ್ನೂ ಇಬ್ಬರ ಪರಿಚಯ ತಿದ್ದಬೇಕಾಯಿತು. ಅದರಲ್ಲಿ ಒಂದು ಎದುರು ಓಣಿಯ ಮನೆತನದ್ದು. ಕಡೆಯವರೆಗೂ ಕಾಂಗ್ರೆಸ್ಸಿನಲ್ಲೇ ಇದ್ದರೆಂದು ಬರೆದಿದ್ದ ಹಿರಿಯರು 1957ರಲ್ಲಿ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತಿದ್ದರು. ಆ ವರ್ಷ ಮೈಸೂರು ವಿಧಾನಸಭೆಯ 208 ಸ್ಥಾನಗಳಲ್ಲಿ 35 ಪಕ್ಷೇತರರ ಪಾಲಾದವು, ವಿಜಾಪುರ ಉತ್ತರದ ಲೋಕಸಭೆ ಸ್ಥಾನವೂ ಪಕ್ಷೇತರ ಮುರಿಗೆಪ್ಪ ಸುಗಂಧಿಯವರಿಗೆ ಹೋಯಿತು. ಬೆಳಗಾವಿ ಗಡಿಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಯ ಬಲದಿಂದ ನಿಂತವರೂ ಆಯೋಗದ ಪಟ್ಟಿಯಲ್ಲಿ ಪಕ್ಷೇತರರೇ. ಆ ಕಾಲದ ‘ಪಕ್ಷೇತರ’ ಎಂಬ ಪದದ ಹಿಂದೆ ಏನಿದೆಯೆಂದು ಪ್ರತಿ ಸಲವೂ ಬೇರೆಯಾಗಿ ಕೇಳಬೇಕಾಗುತ್ತದೆ. ತಮ್ಮ ಮನೆತನದ ತಿದ್ದುಪಡಿ ಬಂದ ಮೇಲೆ ಎದುರು ಓಣಿಯವರು ‘ಪಕ್ಷಾಂತರಿ’ ಮಾತನ್ನು ಮತ್ತೆ ಎತ್ತಲಿಲ್ಲ.

ಮೊಮ್ಮಗ ಹಣ ಕೊಟ್ಟ. ಕರಪತ್ರವನ್ನು ಸಂಚಿಕೆಯಲ್ಲಿ ಪೂರ್ಣ ಪುಟಕ್ಕೆ ಅಚ್ಚು ಹಾಕಬೇಕೆಂಬುದು ಅವನ ಒಂದೇ ಷರತ್ತಾಗಿತ್ತು.

ಬಗೆಹರಿಯದೆ ಉಳಿದದ್ದು ಹಾಳೆಯ ಕೊನೆಯ ಸಾಲು. ಸಾಹೇಬರು ಕಾಂಗ್ರೆಸ್ಸಿಗೆ ಮರಳಿದ್ದು ಯಾವಾಗ? 1957ರ ಫೆಬ್ರುವರಿ–ಮಾರ್ಚ್ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಗೆ ಮತ ಕೇಳಿದ ಕರಪತ್ರದ ಕೆಳಗೆ ಅವರ ಹೆಸರಿದೆ, ಅಭ್ಯರ್ಥಿಗಳ ಪಟ್ಟಿಯಲ್ಲಿ ಇಲ್ಲ. 1956ರ ಮಧ್ಯದವರೆಗೆ ಪ್ರಜಾ ಸಮಾಜವಾದಿ ಪಕ್ಷದ ರಸೀದಿಗಳಿವೆ. ಮನೆಯವರ ನಂಬಿಕೆ, ನವೆಂಬರ್ 1ರಂದು ರಾಜ್ಯ ಒಂದಾಯಿತು, ಬೇರೆ ನಿಲ್ಲಲು ಕಾರಣ ಉಳಿಯಲಿಲ್ಲ, ಅದಕ್ಕೇ ಮರಳಿದರು ಎಂದು. ಎದುರು ಓಣಿಯವರು ಟಿಕೆಟಿನ ಆಸೆಗೆ ಹೋಗಿ ಸಿಗದೆ ಸುಮ್ಮನಾದರು ಎನ್ನುತ್ತಾರೆ. 1955ರ ಜನವರಿಯಲ್ಲಿ ಕಾಂಗ್ರೆಸ್ಸಿನ ಆವಡಿ ಅಧಿವೇಶನ ಸಮಾಜವಾದಿ ಮಾದರಿಯ ಸಮಾಜವೇ ಗುರಿ ಎಂದ ಮೇಲೆ ಹೊರಗಿದ್ದ ಹಲವರಿಗೆ ಬಾಗಿಲು ತೆರೆದಂತಾಗಿತ್ತು, ಅದೂ ಒಂದು ಕಾರಣವಿರಬಹುದು. ಎಂಟು ತಿಂಗಳ ಆ ಅಂತರವನ್ನು ತುಂಬುವ ಕಾಗದ ಸಿಕ್ಕಿಲ್ಲ. ಸಂಚಿಕೆಯ ಆ ಪುಟದಲ್ಲಿ ಇಸವಿ ‘1956–57’ ಎಂದಿದೆ, ಅದರ ಮುಂದೆ ಎಡ ಅಂಕಣದಲ್ಲಿ ‘ಕಾಂಗ್ರೆಸ್ಸಿಗೆ ಮರಳಿದರು’ ಎಂದಷ್ಟೇ ಇದೆ, ಕಾರಣದ ಜಾಗ ಖಾಲಿ.